ಮುಚ್ಚಿಡದ ಬಾಳು: ಷೀಲಾ ಕ್ಯೂಲ್ ಅವರ ಸಾರ್ವಜನಿಕ ಜೀವನ

ಸಾರ್ವಜನಿಕ ಜೀವನಕ್ಕೆ ಇಳಿದವರನ್ನು ಕುರಿತು ಲೋಕವು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಇವರು ಏನು ಕೆಲಸ ಮಾಡಿದರು ಎಂಬುದು ಒಂದು. ಇವರು ಎಂಥವರು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕಾಗದಪತ್ರಗಳನ್ನು ನೋಡಬೇಕು, ಸ್ವಲ್ಪ ಶ್ರಮಪಡಬೇಕು. ಎರಡನೆಯದಕ್ಕೆ ಅಷ್ಟು ಶ್ರಮವಿಲ್ಲ. ಜಗಲಿಯ ಮೇಲೆ ಕುಳಿತು ನಾಲ್ಕು ಮಾತು ಆಡಿದರೆ ಸಾಕು. ಈ ಎರಡನೆಯ ಪ್ರಶ್ನೆ ಅರ್ಧ ಆಯುಷ್ಯದವರೆಗೂ ಬಾಗಿಲಿಗೆ ಹಾಕಿದ ಅಗುಳಿಯಂತೆ ಅಡ್ಡನಿಂತಿದ್ದ, ಕಡೆಗೆ ತಾನಾಗಿಯೇ ಅದಕ್ಕೆ ಉತ್ತರ ಹೇಳಿ, ಮೊದಲನೆಯ ಪ್ರಶ್ನೆಗೆ ದಾರಿ ಮಾಡಿಕೊಂಡ ಒಬ್ಬ ಮಹಿಳೆಯ ಸಂಗತಿಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಆಕೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನ್ಯಾಯವಾದಿ ಮತ್ತು ಶಾಸಕಿ. ಹೆಸರು ಷೀಲಾ ಕ್ಯೂಲ್.

ಷೀಲಾ ಎಂಬುದು ನಮ್ಮ ಕಿವಿಗೆ ಶೀಲಾ ಎಂದೇ ಕೇಳಿಸುತ್ತದೆ. ಆದರೆ ಅದು ಐರ್ಲೆಂಡಿನ ಕಡೆಯ ಹೆಸರು. ನಮ್ಮ ಶೀಲ ಶಬ್ದಕ್ಕೂ ಅದಕ್ಕೂ ನಂಟಿಲ್ಲ. ನಂಟಿಲ್ಲದಿದ್ದರೂ ಈ ಹೆಸರಿನ ನೆಪದಲ್ಲಿ ಒಂದು ಮಾತು ಹೇಳಬಹುದು. ಶೀಲ ಎಂಬುದಕ್ಕೆ ಸ್ವಭಾವವೆಂದೂ ಅರ್ಥವಿದೆ, ಒಳ್ಳೆಯ ನಡತೆಯೆಂದೂ ಅರ್ಥವಿದೆ. ದಾನಶೀಲ, ಸಹನಶೀಲ ಎನ್ನುವಾಗ ಮನುಷ್ಯನ ಸಹಜವಾದ ಒಲವನ್ನೇ ನಾವು ಹೇಳುತ್ತೇವೆ. ಹೆಂಗಸರ ಮಾತು ಬಂದಾಗ ಮಾತ್ರ ಈ ಶಬ್ದ ಬಹಳ ಇಕ್ಕಟ್ಟಿನ ಅರ್ಥಕ್ಕೆ ಇಳಿಯುತ್ತದೆ. ಸ್ವಭಾವ ಬೇರೆ, ನಡತೆ ಬೇರೆ. ಸ್ವಭಾವವನ್ನೇ ದುರ್ನಡತೆಯೆಂದು ಕರೆದರೆ ಏನೇನು ಅನರ್ಥವಾದೀತು ಎಂಬುದಕ್ಕೆ ಈ ಜೀವನಚರಿತ್ರೆಯೇ ಒಂದು ನಿದರ್ಶನ.

ಷೀಲಾ ಕ್ಯೂಲ್ ಸಲಿಂಗಪ್ರೇಮಿ. ಎಂದರೆ ಸ್ತ್ರೀಯಾಗಿದ್ದು ಸ್ತ್ರೀಯನ್ನೇ ಬಾಳಸಂಗಾತಿಯಾಗಿ ಬಯಸುವ ಸ್ವಭಾವದವರು. ಇದನ್ನು ಆಕೆ ಬಚ್ಚಿಡಲಿಲ್ಲ. ಮತದಾರರ ಮುಂದೆ ನಿಂತಾಗಲೂ ಬಚ್ಚಿಡಲಿಲ್ಲ. ಆದರೆ ಈ ಧೈರ್ಯ ಒಂದೇ ದಿನದಲ್ಲಿ ಬಂದದ್ದಲ್ಲ.

ಆಕೆ ಹುಟ್ಟಿದ್ದು 1941ರ ಫೆಬ್ರವರಿ 9ರಂದು, ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯದ ಲಾಸ್ ಏಂಜಲಿಸ್‌ನಲ್ಲಿ. ಅದು ಚಲನಚಿತ್ರಗಳ ತವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಷೀಲಾ ಜೇಮ್ಸ್ ಎಂಬ ಹೆಸರಿನಿಂದ ಬಾಲನಟಿಯಾದರು. 1950ರಿಂದ 1955ರವರೆಗೆ ಒಂದು ಟೆಲಿವಿಷನ್ ಹಾಸ್ಯಮಾಲೆಯಲ್ಲಿ ಮನೆಯ ಕಿರಿಯ ಮಗಳ ಪಾತ್ರ. ಮುಂದೆ 1959ರಿಂದ 1963ರವರೆಗೆ ನಡೆದ ‘ದಿ ಮೆನಿ ಲವ್ಸ್ ಆಫ್ ಡೋಬಿ ಗಿಲ್ಲಿಸ್’ ಎಂಬ ಮಾಲೆಯಲ್ಲಿ ಝೆಲ್ಡಾ ಗಿಲ್ರಾಯ್ ಎಂಬ ಪಾತ್ರ ಆಕೆಯನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿತು. ಝೆಲ್ಡಾ ಮಹಾ ಬುದ್ಧಿವಂತೆ. ನಾಯಕನಾದ ಡೋಬಿಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದವಳು. ಡೋಬಿಗೋ ರೂಪವತಿಯರ ಮೇಲೆ ಕಣ್ಣು. ಪ್ರೇಕ್ಷಕರೆಲ್ಲ ಝೆಲ್ಡಾಳ ಪಕ್ಷ. ತೆರೆಯ ಮೇಲೆ ಹುಡುಗನ ಬೆನ್ನುಹತ್ತಿದ್ದ ಈ ತರುಣಿ ತೆರೆಯ ಹಿಂದೆ ತನ್ನ ನಿಜವಾದ ಮನಸ್ಸನ್ನು ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ ಕಾಪಾಡುತ್ತಿದ್ದರು.

ಕೆಂಡ ಸುಡದೆ ಇರಲಿಲ್ಲ. ಆಕೆ ಆಗ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಅಲ್ಲಿ ವಿದ್ಯಾರ್ಥಿನಿಯರ ಸಂಘವೊಂದರ ಸದಸ್ಯೆ. ಪ್ರೀತಿಯ ಗೆಳತಿ ಬರೆದಿದ್ದ ಕಾಗದಗಳು ಸಂಘದವರ ಕೈಗೆ ಸಿಕ್ಕಿದವು. ಆಕೆಯನ್ನು ಸಂಘದಿಂದ ಹೊರಗೆ ಹಾಕಿದರು. ಇನ್ನೊಬ್ಬರ ಕಾಗದ ಓದಿದವರಿಗೆ ತಪ್ಪಿಲ್ಲ, ಕಾಗದ ಬಂದವರಿಗೆ ಶಿಕ್ಷೆ! ಮುಂದೆ ಝೆಲ್ಡಾ ಪಾತ್ರವನ್ನೇ ಮುಖ್ಯವಾಗಿಟ್ಟುಕೊಂಡು ಒಂದು ಹೊಸ ಮಾಲೆಯನ್ನು ತಯಾರಿಸುವ ಏರ್ಪಾಡಾಯಿತು. ಮಾದರಿಯ ಚಿತ್ರವೂ ಸಿದ್ಧವಾಯಿತು. ಆದರೆ ಅದು ಮುಂದುವರಿಯಲಿಲ್ಲ. ಆಕೆಯ ಧಾಟಿ ಗಂಡುಬೀರಿಯಂತಿದೆಯೆಂದು ಮೇಲಿನವರಿಗೆ ಅನ್ನಿಸಿತಂತೆ. ಹಾಗೆಂದು ನಿರ್ದೇಶಕರೇ ತಮಗೆ ತಿಳಿಸಿದರೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ನಟನೆಯ ಕೆಲಸ ಕ್ರಮೇಣ ಬತ್ತಿಹೋಯಿತು.

ಆ ಕಾಲದ ಸ್ಥಿತಿಯನ್ನು ನಾವು ಸ್ವಲ್ಪ ನೆನೆಯಬೇಕು. ಸಮ್ಮತಿಯಿಂದ ನಡೆದ ಸಲಿಂಗ ಸಂಬಂಧವೂ ಕ್ಯಾಲಿಫೋರ್ನಿಯದಲ್ಲಿ ಅಪರಾಧವಾಗಿಯೇ ಇತ್ತು. 1975ರಲ್ಲಿ ಅಂಗೀಕಾರವಾದ ಕಾನೂನಿನಿಂದ 1976ರ ಆರಂಭದಲ್ಲಿ ಅದು ಅಪರಾಧಗಳ ಪಟ್ಟಿಯಿಂದ ಹೊರಬಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. 1978ರ ನವೆಂಬರಿನಲ್ಲಿ, ಸಲಿಂಗಪ್ರೇಮಿಗಳಾದ ಉಪಾಧ್ಯಾಯರನ್ನೂ, ಅವರ ಪರವಾಗಿ ಬಹಿರಂಗವಾಗಿ ಮಾತನಾಡುವ ಉಪಾಧ್ಯಾಯರನ್ನೂ ಸರಕಾರಿ ಪಾಠಶಾಲೆಗಳಿಂದ ತೆಗೆದುಹಾಕಲು ಅವಕಾಶ ಕೊಡುವ ಪ್ರಸ್ತಾವವೊಂದನ್ನು ಜನರ ಮತಕ್ಕೆ ಹಾಕಲಾಯಿತು. ಶೇಕಡ 58ಕ್ಕೂ ಹೆಚ್ಚು ಮಂದಿ ಅದನ್ನು ತಿರಸ್ಕರಿಸಿದರು. ಆ ಪ್ರಸ್ತಾವದ ವಿರುದ್ಧ ದುಡಿದವರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಚುನಾಯಿತ ಪ್ರತಿನಿಧಿ ಹಾರ್ವೆ ಮಿಲ್ಕ್ ಪ್ರಮುಖರು. ಮತದಾನವಾಗಿ ಮೂರು ವಾರವೂ ತುಂಬುವ ಮೊದಲೇ, ನವೆಂಬರ್ 27ರಂದು, ನಗರಭವನದಲ್ಲಿಯೇ ಅವರ ಕೊಲೆಯಾಯಿತು. ತಾನು ಇಂಥವನೆಂದು ಹೇಳಿಕೊಂಡು ರಾಜಕೀಯಕ್ಕೆ ಬರುವುದು ಅಂದು ಸಾಮಾನ್ಯವಾದ ಸಾಹಸವಾಗಿರಲಿಲ್ಲ.

ನಟನೆ ಕೈಬಿಟ್ಟಾಗ ಷೀಲಾ ಕ್ಯೂಲ್ ತಾವು ಓದಿದ ವಿಶ್ವವಿದ್ಯಾನಿಲಯದಲ್ಲಿಯೇ ಕೆಲಸಕ್ಕೆ ಸೇರಿದರು. ವಿದ್ಯಾರ್ಥಿ ಸಂಘಗಳಿಗೆ ಸಲಹೆಗಾರರಾಗಿದ್ದು, ವಿದ್ಯಾರ್ಥಿಗಳ ಸಹ ಡೀನ್ ಪದವಿಯವರೆಗೆ ಏರಿದರು. ಆಮೇಲೆ ಮೂವತ್ತು ದಾಟಿದ ವಯಸ್ಸಿನಲ್ಲಿ ಹಾರ್ವರ್ಡ್ ನ್ಯಾಯಶಾಸ್ತ್ರ ಶಾಲೆಗೆ ಸೇರಿ ಮತ್ತೆ ವಿದ್ಯಾರ್ಥಿನಿಯಾದರು. 1978ರಲ್ಲಿ ಪದವಿ ಬಂದಿತು. ಅಲ್ಲಿ ನಡೆಯುವ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಗೆದ್ದ ಎರಡನೆಯ ಮಹಿಳೆ ಈಕೆ. ರಂಗದ ಮೇಲೆ ಕಲಿತ ಮಾತುಗಾರಿಕೆ ನ್ಯಾಯಪೀಠದ ಮುಂದೆಯೂ ಕೈಬಿಡಲಿಲ್ಲವೆಂದು ತೋರುತ್ತದೆ.

ಲಾಸ್ ಏಂಜಲಿಸ್‌ಗೆ ಹಿಂದಿರುಗಿ ವಕೀಲಿ ಆರಂಭಿಸಿದರು. ಕುಟುಂಬಕ್ಕೆ ಸಂಬಂಧಪಟ್ಟ ವ್ಯಾಜ್ಯಗಳು ಆಕೆಯ ಮುಖ್ಯ ಕ್ಷೇತ್ರ. ಗಂಡನ ಏಟು ತಿಂದು ಮಕ್ಕಳನ್ನು ಕಟ್ಟಿಕೊಂಡು ಮನೆಬಿಟ್ಟು ಬಂದವಳು ನ್ಯಾಯಾಲಯದಲ್ಲಿ ಏನು ಹೇಳಬೇಕು, ಯಾವ ರಕ್ಷಣೆಯನ್ನು ಕೇಳಬಹುದು ಎಂಬ ವಿಷಯದಲ್ಲಿ ಕಾನೂನು ಬಹಳ ತೆಳುವಾಗಿದ್ದ ಕಾಲ ಅದು. ಷೀಲಾ ಕ್ಯೂಲ್ ಒಂದೊಂದು ಮೊಕದ್ದಮೆಯನ್ನು ನಡೆಸುವುದರ ಜೊತೆಗೆ ಕಾನೂನನ್ನೇ ತಿದ್ದಿಸಲು ಹೊರಟರು. 1989ರಲ್ಲಿ ಕ್ಯಾಲಿಫೋರ್ನಿಯ ಮಹಿಳಾ ಕಾನೂನು ಕೇಂದ್ರವನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ನ್ಯಾಯಶಾಸ್ತ್ರದ ಪ್ರಾಧ್ಯಾಪಕರಾಗಿಯೂ ಪಾಠ ಹೇಳಿದರು. ಶಾಸನಸಭೆಗೆ ಕಾಲಿಡುವ ಮೊದಲೇ ಮಹಿಳೆಯರು, ಮಕ್ಕಳು, ಗೃಹಹಿಂಸೆ ಇವುಗಳಿಗೆ ಸಂಬಂಧಿಸಿದ ಅನೇಕ ಮಸೂದೆಗಳ ಕರಡನ್ನು ಬರೆದು, ರಾಜಧಾನಿಯಾದ ಸ್ಯಾಕ್ರಮೆಂಟೊಗೆ ಹೋಗಿ ಸಮಿತಿಗಳ ಮುಂದೆ ವಾದಿಸಿದ್ದರು. ಮಸೂದೆಗೆ ಮತ ಹಾಕುವ ಮೊದಲೇ ಮಸೂದೆ ಬರೆಯುವುದನ್ನು ಕಲಿತವರು ಎಷ್ಟು ಜನ ಸಿಕ್ಕಾರು?

1994ರ ನವೆಂಬರಿನಲ್ಲಿ ಡೆಮೊಕ್ರಾಟಿಕ್ ಪಕ್ಷದಿಂದ ರಾಜ್ಯದ ಅಸೆಂಬ್ಲಿಗೆ ಸ್ಪರ್ಧಿಸಿ ಗೆದ್ದರು. ಆ ವರ್ಷ ದೇಶದಲ್ಲೆಲ್ಲ ಗಾಳಿ ಎದುರುಪಕ್ಷದ ಕಡೆಗೆ ಬೀಸುತ್ತಿತ್ತು. ಕ್ಯಾಲಿಫೋರ್ನಿಯದ ಶಾಸನಸಭೆಗೆ, ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡು ಚುನಾಯಿತರಾದವರಲ್ಲಿ ಈಕೆಯೇ ಮೊದಲಿಗರು. ದೇಶದ ಮಟ್ಟಿಗೆ ಹೇಳುವುದಾದರೆ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಲೇನ್ ನೋಬಲ್ ಎಂಬ ಮಹಿಳೆ 1974ರಲ್ಲಿಯೇ ಈ ದಾರಿಯನ್ನು ತುಳಿದಿದ್ದರು. ಅಸೆಂಬ್ಲಿಯಲ್ಲಿ 80 ಸದಸ್ಯರು. ಮಸೂದೆಯೊಂದು ಸಾಗಬೇಕಾದರೆ 41 ಮತ ಬೇಕು. ಅಂಥ ಸಭೆಯಲ್ಲಿ ಒಬ್ಬಳೇ ಒಬ್ಬಳಾಗಿ ಕುಳಿತವಳಿಗೆ ವಾದಕ್ಕಿಂತ ಹೆಚ್ಚಾಗಿ ವಿಶ್ವಾಸ ಬೇಕಾಗುತ್ತದೆ. ಆ ವಿಶ್ವಾಸವನ್ನು ಆಕೆ ಸಂಪಾದಿಸಿದರು. 1997-98ರಲ್ಲಿ ಅಸೆಂಬ್ಲಿಯ ಸಭಾಧ್ಯಕ್ಷರ ಸ್ಥಾನದಲ್ಲಿ ಕುಳಿತು ಕಲಾಪ ನಡೆಸುವ ‘ಸ್ಪೀಕರ್ ಪ್ರೊ ಟೆಮ್’ ಪದವಿ ಆಕೆಗೆ ಬಂದಿತು. ಆ ರಾಜ್ಯದ ಇತಿಹಾಸದಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಆಕೆಯೇ.

ಇನ್ನು ಮೊದಲನೆಯ ಪ್ರಶ್ನೆ: ಏನು ಕೆಲಸ ಮಾಡಿದರು? ಹದಿನಾಲ್ಕು ವರ್ಷಗಳಲ್ಲಿ ಆಕೆ ತಂದ ಮಸೂದೆಗಳ ಪೈಕಿ 171 ಕಾನೂನಾದವು. ಎಲ್ಲವನ್ನೂ ಎಣಿಸಲು ಇಲ್ಲಿ ಹೊತ್ತಿಲ್ಲ. ನಾಲ್ಕೈದನ್ನು ಆರಿಸಿ ಹೇಳುತ್ತೇನೆ.

ಮೊದಲು ಮಕ್ಕಳ ಪಾಲನೆಯ ಸಂಗತಿ. ಗಂಡಹೆಂಡಿರು ಬೇರೆಯಾದಾಗ ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಏಳುತ್ತದೆ. ಹೊಡೆದು ಬಡಿದು ಮಾಡುವವರು ನ್ಯಾಯಾಲಯಕ್ಕೆ ಬಂದಾಗ ಸಾಧುವಿನಂತೆ ಕಾಣುವುದುಂಟು. 1999ರಲ್ಲಿ ಷೀಲಾ ಕ್ಯೂಲ್ ತಂದ ಕಾನೂನಿನ ಪ್ರಕಾರ, ಕಳೆದ ಐದು ವರ್ಷಗಳೊಳಗೆ ಗೃಹಹಿಂಸೆ ನಡೆಸಿದ್ದಾರೆಂದು ನ್ಯಾಯಾಲಯಕ್ಕೆ ಸಿದ್ಧವಾದರೆ, ಅಂಥವರ ಕೈಗೆ ಮಗುವನ್ನು ಒಪ್ಪಿಸುವುದು ಮಗುವಿನ ಹಿತಕ್ಕೆ ವಿರುದ್ಧವೆಂದೇ ನ್ಯಾಯಾಧೀಶರು ಮೊದಲು ಭಾವಿಸಬೇಕು. ಹಾಗಲ್ಲವೆಂದು ಸಾಧಿಸುವ ಹೊರೆ ಹೊಡೆದವರ ಮೇಲೆ ಬೀಳುತ್ತದೆ. ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟಿಸುವುದು ಕಾನೂನಿನ ಭಾಷೆಯಲ್ಲಿ ಒಂದು ವಾಕ್ಯ. ಏಟು ತಿಂದ ತಾಯಿಯ ಬಾಳಿನಲ್ಲಿ ಅದು ದೊಡ್ಡ ಸಂಗತಿ.

ಎರಡನೆಯದು ಪಾಠಶಾಲೆಯ ಸಂಗತಿ. ಉಪಾಧ್ಯಾಯನಾದ ನನಗೆ ಇದು ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ತರಗತಿಯಲ್ಲಿ ಯಾವನೋ ಒಬ್ಬ ಹುಡುಗನ ನಡಿಗೆ ಮೃದುವಾಗಿರುತ್ತದೆ. ಯಾವಳೋ ಒಬ್ಬ ಹುಡುಗಿಯ ದನಿ ದಪ್ಪವಾಗಿರುತ್ತದೆ. ಅವರಿಗೊಂದು ಅಡ್ಡಹೆಸರು ಅಂಟುತ್ತದೆ. ಅಡ್ಡಹೆಸರಿನಿಂದ ನಗೆ, ನಗೆಯಿಂದ ನೂಕು, ನೂಕಿನಿಂದ ಏಟು. ಕಡೆಗೆ ಮಗು ಪಾಠಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಬೀಳುತ್ತದೆ. ಕಾರಣ ಬರೆಯುವ ಅಂಕಣ ಅದರಲ್ಲಿ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಮತ, ಜನಾಂಗ ಮೊದಲಾದ ಕಾರಣಗಳಿಂದ ವಿದ್ಯಾರ್ಥಿಗಳಿಗೆ ಭೇದ ಮಾಡಬಾರದೆಂಬ ನಿಯಮ ಮೊದಲೇ ಇತ್ತು. ಆ ಪಟ್ಟಿಗೆ ಇಂಥ ಮಕ್ಕಳನ್ನೂ ಸೇರಿಸಬೇಕೆಂದು ಷೀಲಾ ಕ್ಯೂಲ್ ವರ್ಷಗಟ್ಟಲೆ ಹೆಣಗಿದರು. ಮಸೂದೆ ಮತ್ತೆ ಮತ್ತೆ ಬಿದ್ದುಹೋಯಿತು. 1999ರಲ್ಲಿಯೂ ಮೊದಲು ತಂದದ್ದು ಸಭೆಯಲ್ಲಿ ಸೋತಿತು. ಅದೇ ವರ್ಷ ಅದನ್ನು ಇನ್ನೊಂದು ಮಸೂದೆಯ ರೂಪದಲ್ಲಿ ತಂದು ಗೆದ್ದರು. ಅಕ್ಟೋಬರಿನಲ್ಲಿ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು; 2000ದ ಜನವರಿ 1ರಿಂದ ವಿದ್ಯಾರ್ಥಿ ಸುರಕ್ಷತಾ ಕಾನೂನು ಜಾರಿಗೆ ಬಂದಿತು.

ಈ ಕಾನೂನಿನಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮಗು ನಿಜವಾಗಿ ಆ ಸ್ವಭಾವದ್ದೇ ಎಂದು ಯಾರೂ ಸಿದ್ಧಪಡಿಸಬೇಕಾಗಿಲ್ಲ. ಹಾಗೆಂದು ಇತರರು ಭಾವಿಸಿ ಪೀಡಿಸಿದರೂ ರಕ್ಷಣೆ ಉಂಟು. ಇದು ಮಕ್ಕಳನ್ನು ಬಲ್ಲವರು ಬರೆದ ಮಾತು. ಪೀಡಿಸುವವನು ಮೊದಲು ವಿಚಾರಣೆ ಮಾಡಿ ಆಮೇಲೆ ಪೀಡಿಸುವುದಿಲ್ಲ. ‘ನೀನು ಅಂಥವನೋ ಅಲ್ಲವೋ, ಮೊದಲು ಹೇಳು’ ಎಂದು ಅಳುವ ಮಗುವನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಿಲ್ಲಿಸಿ ಕೇಳುವುದಾದರೆ, ಅದೇ ಇನ್ನೊಂದು ಪೀಡೆಯಾದೀತು.

2000ದಲ್ಲಿ ಆಕೆ 40 ಸದಸ್ಯರಿರುವ ಮೇಲ್ಮನೆ ಸೆನೆಟ್ಟಿಗೆ ಆಯ್ಕೆಯಾದರು. ಅಷ್ಟು ಹೊತ್ತಿಗೆ ಜೊತೆಗಾರರು ಬಂದಿದ್ದರು. 2002ರಲ್ಲಿ ಕ್ಯಾರೊಲ್ ಮಿಗ್ಡೆನ್, ಕ್ರಿಸ್ಟೀನ್ ಕೀಹೊ, ಜಾಕಿ ಗೋಲ್ಡ್‌ಬರ್ಗ್ ಇವರೊಡನೆ ಸೇರಿ ಷೀಲಾ ಕ್ಯೂಲ್ ಶಾಸನಸಭೆಯಲ್ಲಿ ಒಂದು ಕೂಟವನ್ನು ಸ್ಥಾಪಿಸಿದರು. ನಾಲ್ವರೂ ಮಹಿಳೆಯರೇ.

ಸೆನೆಟ್ಟಿನಲ್ಲಿ ಆಕೆ ತಂದ ಕಾನೂನುಗಳಲ್ಲಿ ಹೆಚ್ಚು ಹೆಸರಾದದ್ದು ಸಂಬಳಸಹಿತ ಕುಟುಂಬ ರಜೆ. ಕೂಸು ಹುಟ್ಟಿದಾಗ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಕೆಲಸಗಾರರು ಹನ್ನೆರಡು ವಾರ ರಜೆ ಪಡೆಯಬಹುದೆಂದು 1993ರ ಕೇಂದ್ರ ಕಾನೂನು ಹೇಳಿತ್ತು. ಆದರೆ ಆ ರಜೆಗೆ ಸಂಬಳವಿಲ್ಲ. ಸಂಬಳವಿಲ್ಲದ ರಜೆ ಬಡವನಿಗೆ ಕನ್ನಡಿಯೊಳಗಿನ ಗಂಟು. ಷೀಲಾ ಕ್ಯೂಲ್ 2002ರಲ್ಲಿ ಇದಕ್ಕೊಂದು ದಾರಿ ತೆಗೆದರು. ಮೊದಲ ಕರಡಿನಲ್ಲಿ ಹನ್ನೆರಡು ವಾರವಿತ್ತು. ವಂತಿಗೆಯನ್ನು ಮಾಲಿಕರೂ ಕೆಲಸಗಾರರೂ ಹಂಚಿಕೊಳ್ಳಬೇಕೆಂದಿತ್ತು. ವ್ಯಾಪಾರಸ್ಥರ ವಿರೋಧ ಬಲವಾಗಿ ಬಂದಿತು. ಆಕೆ ವಾರಗಳನ್ನು ಆರಕ್ಕೆ ಇಳಿಸಿದರು. ವಂತಿಗೆಯನ್ನು ಕೆಲಸಗಾರರೇ ತಮ್ಮ ಸಂಬಳದಿಂದ ತುಂಬುವಂತೆ ತಿದ್ದಿದರು. ಹೀಗೆ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣ ರಜೆಯಲ್ಲಿಯೂ ಕೈಸೇರುವ ಏರ್ಪಾಡು 2004ರ ಜುಲೈಯಿಂದ ಆರಂಭವಾಯಿತು. ಅಮೆರಿಕದ ರಾಜ್ಯಗಳಲ್ಲೆಲ್ಲ ಇದೇ ಮೊದಲು. ಪೂರ್ತಿ ಸಿಗಲಿಲ್ಲವೆಂದು ಮುನಿಸಿಕೊಂಡು ಎದ್ದು ಹೋಗಿದ್ದರೆ ಆರು ವಾರವೂ ಸಿಗುತ್ತಿರಲಿಲ್ಲ. 2020ರಲ್ಲಿ ಆ ಆರು ವಾರ ಎಂಟಾಯಿತು. ಗಿಡ ನೆಟ್ಟರೆ ಅಲ್ಲವೇ, ಬೆಳೆಯುವ ಮಾತು?

ನೀರಿನ ವಿಷಯದಲ್ಲಿ ಆಕೆ 2001ರಲ್ಲಿ ತಂದ ಕಾನೂನೊಂದನ್ನು ನಮ್ಮ ಪಟ್ಟಣವಾಸಿಗಳು ಕೇಳಿ ಆಶ್ಚರ್ಯಪಡಬಹುದು. ಐನೂರಕ್ಕಿಂತ ಹೆಚ್ಚು ಮನೆಗಳ ಹೊಸ ಬಡಾವಣೆ ಏಳಬೇಕಾದರೆ, ಮಳೆ ಕೈಕೊಟ್ಟ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು, ಮುಂದಿನ ಇಪ್ಪತ್ತು ವರ್ಷ ಅಲ್ಲಿಗೆ ನೀರು ಸಾಲುತ್ತದೆಂದು ಮೊದಲು ಖಚಿತಪಡಿಸಬೇಕು. ನಿವೇಶನ ಹಂಚಿ, ಮನೆ ಕಟ್ಟಿಸಿ, ಆಮೇಲೆ ಕೊಡ ಹಿಡಿದು ನಿಲ್ಲುವುದಲ್ಲ. ಈ ಕಾನೂನಿಗೂ ಆಕೆಯ ಖಾಸಗಿ ಸ್ವಭಾವಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಏನೂ ಇಲ್ಲ. ಆ ಇಲ್ಲ ಎಂಬುದೇ ಇಲ್ಲಿ ಮುಖ್ಯವಾದ ಮಾತು. ‘ಇಂಥವರು’ ಶಾಸನಸಭೆಗೆ ಬಂದರೆ ತಮ್ಮದೊಂದೇ ರಾಗ ಹಾಡುತ್ತಾರೆ ಎಂದು ಹೆದರಿಸಿದವರಿಗೆ, ಬಾಣಂತಿಯ ರಜೆಯೂ ಬಡಾವಣೆಯ ನೀರೂ ಉತ್ತರ ಹೇಳಿದವು.

ಗೆಲುವುಗಳನ್ನಷ್ಟೇ ಹೇಳಿದರೆ ಚಿತ್ರ ಪೂರ್ಣವಾಗದು. ರಾಜ್ಯದ ಪ್ರಜೆಗಳೆಲ್ಲರಿಗೂ, ಖಾಸಗಿ ವಿಮಾ ಕಂಪನಿಗಳ ಬದಲಾಗಿ ಒಂದೇ ಸಾರ್ವಜನಿಕ ನಿಧಿಯಿಂದ ವೈದ್ಯೋಪಚಾರ ದೊರೆಯಬೇಕೆಂಬುದು ಆಕೆಯ ದೊಡ್ಡ ಹಂಬಲ. ಆ ಮಸೂದೆ 2006ರಲ್ಲಿ ಎರಡು ಮನೆಗಳನ್ನೂ ದಾಟಿತು; ಗವರ್ನರ್ ಆರ್ನಾಲ್ಡ್ ಶ್ವಾರ್ಜನೆಗ್ಗರ್ ಒಪ್ಪಿಗೆ ಕೊಡಲಿಲ್ಲ. 2008ರಲ್ಲಿ ಮತ್ತೆ ದಾಟಿತು. ಮತ್ತೆ ಒಪ್ಪಿಗೆ ದೊರೆಯಲಿಲ್ಲ. ಅಪಾರ ವೆಚ್ಚದ ಪ್ರಶ್ನೆಯನ್ನು ಎತ್ತಿದ ವಿರೋಧಿಗಳ ಮಾತು ಪೂರ್ತಿ ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಅಂತೂ ಅದು ಆಕೆಯ ಕಾಲದಲ್ಲಿ ಕೈಗೂಡಲಿಲ್ಲ. ಅದೇ 2008ರ ಮೇ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಲಿಂಗಿಗಳ ವಿವಾಹವನ್ನು ಮಾನ್ಯ ಮಾಡಿತು. ನವೆಂಬರಿನಲ್ಲಿ ಜನಮತ ಅದನ್ನು ತಡೆಯಿತು. 2013ರಲ್ಲಿ ಆ ತಡೆ ನ್ಯಾಯಾಲಯದ ಮೂಲಕ ತೆರವಾಯಿತು. 2015ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂದಿತು. ನ್ಯಾಯದ ದಾರಿ ಹೆದ್ದಾರಿಯಲ್ಲ, ಘಟ್ಟದ ದಾರಿ. ತಿರುವುಗಳು ಬಹಳ, ಒಮ್ಮೊಮ್ಮೆ ಹಿಂದಕ್ಕೇ ಹೋಗುತ್ತಿರುವಂತೆ ಕಾಣುತ್ತದೆ.

ಅಸೆಂಬ್ಲಿಯಲ್ಲಿ ಆರು ವರ್ಷ, ಸೆನೆಟ್ಟಿನಲ್ಲಿ ಎಂಟು ವರ್ಷ. ಅದಕ್ಕಿಂತ ಹೆಚ್ಚು ಕಾಲ ಇರಬಾರದೆಂಬುದು ಅಂದಿನ ಅಲ್ಲಿಯ ನಿಯಮ. 2008ರಲ್ಲಿ ಅವಧಿ ಮುಗಿಯಿತು. ಆದರೆ ಆಕೆ ವಿಶ್ರಾಂತಿಗೆ ತೆರಳಲಿಲ್ಲ. 2014ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಲಾಸ್ ಏಂಜಲಿಸ್ ಕೌಂಟಿಯ ಮೇಲ್ವಿಚಾರಕ ಮಂಡಲಿಗೆ ನಿಂತರು. ಎದುರಾಳಿ ಬಾಬಿ ಶ್ರೈವರ್, ಅಧ್ಯಕ್ಷ ಕೆನಡಿಯವರ ಸೋದರಳಿಯ. ಆ ಸ್ಪರ್ಧೆಯಲ್ಲಿಯೂ ಗೆದ್ದರು. ಈ ಮಂಡಲಿಯಲ್ಲಿ ಐದೇ ಮಂದಿ. ಅವರ ಆಡಳಿತಕ್ಕೆ ಒಳಪಟ್ಟವರು ಸುಮಾರು ಒಂದು ಕೋಟಿ ಜನ. ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರಿಗೆ ಏರಿಸುವ 2015ರ ನಿರ್ಣಯಕ್ಕೆ ಆಕೆ ಮುಂದಾದರು. 2020ರ ಡಿಸೆಂಬರಿನಲ್ಲಿ ಆ ಮಂಡಲಿಯ ಐದು ಸ್ಥಾನಗಳಲ್ಲೂ ಮಹಿಳೆಯರೇ ಕುಳಿತರು. 2022ರ ಕೊನೆಯಲ್ಲಿ ಷೀಲಾ ಕ್ಯೂಲ್ ಆ ಸ್ಥಾನದಿಂದ ನಿವೃತ್ತರಾದರು.

ಇದೆಲ್ಲ ದೂರದೇಶದ ಕಥೆ. ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನು ಏರಿ ಇಳಿದಿದೆ. ಅದರಲ್ಲಿ ಕರ್ನಾಟಕದ ಒಂದು ಹೆಸರೂ ಸೇರಿದೆ. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ಸಾರಿತು. ಆ ತಳಹದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದಿತು. 1860ರ ದಂಡಸಂಹಿತೆಯ 377ನೆಯ ಕಲಮಿನ ಭಾರ ಹೀಗೆ ಇಳಿಯಿತು. ವಿವಾಹದ ಹಕ್ಕನ್ನು ಮಾತ್ರ 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ಒಪ್ಪಲಿಲ್ಲ; ಅದು ಸಂಸತ್ತಿಗೆ ಸೇರಿದ ವಿಷಯವೆಂದಿತು.

ಖಾಸಗಿತನ ಎಂದರೆ ಬಚ್ಚಿಡಲೇಬೇಕೆಂಬ ಕಟ್ಟಲೆಯಲ್ಲ ಎಂಬುದನ್ನು ಷೀಲಾ ಕ್ಯೂಲ್ ಅವರ ಬಾಳಿನಿಂದ ನಾವು ತಿಳಿಯಬಹುದು. ಮನೆಗೆ ಬಾಗಿಲಿರುವುದು ಮುಚ್ಚಿಕೊಳ್ಳುವುದಕ್ಕೂ ಹೌದು, ತೆರೆಯುವುದಕ್ಕೂ ಹೌದು. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದು ಮನೆಯವರ ಇಚ್ಛೆ. ತರುಣಿಯಾಗಿದ್ದಾಗ ಆಕೆಯ ಬಾಗಿಲನ್ನು ಬೇರೆಯವರು ಒದ್ದು ತೆರೆದರು. ಪ್ರೌಢೆಯಾದ ಮೇಲೆ ಆಕೆಯೇ ತೆರೆದು ಹೊರಗೆ ಬಂದು ನಿಂತರು. ಆಮೇಲೆ ಕಾಗದ ಕದ್ದು ಓದುವವರಿಗೆ ಕೆಲಸವೇ ಉಳಿಯಲಿಲ್ಲ.

ಈ ವಿಷಯದಲ್ಲಿ ನಿಮ್ಮಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯವಿರಬೇಕೆಂದು ನಾನು ಹೇಳಲಾರೆ. ಧರ್ಮ, ಸಂಪ್ರದಾಯ, ಮನೆತನ ಇವುಗಳಿಂದ ಬಂದ ಸಂಕೋಚ ಒಂದು ಭಾಷಣದಿಂದ ಕರಗುವುದಿಲ್ಲ. ಆದರೂ ಒಂದು ಮಾತಿನಲ್ಲಿ ನಾವೆಲ್ಲ ಒಪ್ಪಬಹುದೆಂದು ನನ್ನ ನಂಬಿಕೆ. ನಿಮ್ಮ ಮನೆಯ ಮಗುವೋ, ನೆರೆಮನೆಯ ಮಗುವೋ, ಎಲ್ಲರಂತೆ ತಾನಿಲ್ಲವೆಂದು ಒಳಗೊಳಗೇ ಹೆದರಿಕೊಂಡಿರಬಹುದು. ಅಂಥ ಮಗು ಅಡ್ಡಹೆಸರಿನ ಭಯವಿಲ್ಲದೆ ಪಾಠಶಾಲೆಗೆ ಬರಬೇಕು; ಬಂದು, ಲೆಕ್ಕವನ್ನೋ ವ್ಯಾಕರಣವನ್ನೋ ಕಲಿತು, ಮುಂದೆ ನಾಡಿಗೆ ಉಪಯೋಗವಾಗುವ ಒಂದು ಕೆಲಸವನ್ನು ಹಿಡಿಯಬೇಕು. ಅದಾದ ಮೇಲೆ ಆ ಮಗುವನ್ನು ಕುರಿತು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಏನು ಕೆಲಸ ಮಾಡಿತು?